ಮೊದಲು ದನಿ, ಆಮೇಲೆ ಚಿತ್ರ

ನಮಸ್ಕಾರ. ಕಾಲೇಜಿನ ಹುಡುಗ ಹುಡುಗಿಯರೇ, ಅಡುಗೆಮನೆಯಲ್ಲೋ ಅಂಗಡಿಯಲ್ಲೋ ಕೂತು ಇದನ್ನು ಕೇಳುತ್ತಿರುವ ಅವರ ತಂದೆ ತಾಯಿಯರೇ. ವಿದ್ಯಾರ್ಥಿಗಳು ಹಾಡಿನ ವಿಡಿಯೊ ಮಾಡುವುದು ಹೇಗೆ ಅಂತ ಮಾತಾಡಲು ಧಾರವಾಡ ಆಕಾಶವಾಣಿಯವರು ನನ್ನನ್ನು ಕರೆದಿದ್ದಾರೆ. ನಾನು ಧ್ವನಿಮುದ್ರಣ ಕಲಿಸುವವನು. ಗ್ಯಾದರಿಂಗ್, ಅಂದರೆ ಕಾಲೇಜಿನ ವಾರ್ಷಿಕೋತ್ಸವ, ಹತ್ತಿರ ಬಂತೆಂದರೆ ಹುಡುಗರು ನನ್ನ ಕೋಣೆಗೆ ಬಂದು ಕೇಳುವ ಮೊದಲ ಪ್ರಶ್ನೆ ಒಂದೇ. "ಸರ್, ಯಾವ ಕ್ಯಾಮೆರಾ ತೊಗೊಳ್ಳೋಣ್ರಿ?"

ಈ ಪ್ರಶ್ನೆ ಕೇಳಿ ಕೇಳಿ ನನಗೆ ಸಾಕಾಗಿದೆ. ನಿಮ್ಮ ಜೇಬಿನಲ್ಲಿರುವ ಫೋನಿನ ಕ್ಯಾಮೆರಾ ಸಾಕು. ಧಾರಾಳವಾಗಿ ಸಾಕು. ಹಾಡಿನ ವಿಡಿಯೊ ಕೆಡುವುದು ಕ್ಯಾಮೆರಾದಿಂದ ಅಲ್ಲ, ದನಿಯಿಂದ. ಮೊದಲು ದನಿ, ಆಮೇಲೆ ಚಿತ್ರ. ಇವತ್ತು ಬೇರೇನೂ ನೆನಪಿಡದಿದ್ದರೂ ಇದೊಂದನ್ನು ನೆನಪಿಡಿ.

ನೀವು ಈಗ ಕೇಳುತ್ತಿರುವ ಈ ನಿಲಯ ಶುರುವಾದದ್ದು 1950ರಲ್ಲಿ. ಅಂದಿನಿಂದ ಇಲ್ಲಿ ಬರೀ ದನಿಯದ್ದೇ ಕೆಲಸ. ರೇಡಿಯೊದಲ್ಲಿ ಗಂಗೂಬಾಯಿ ಹಾನಗಲ್ ಅವರು ಹಾಡಲು ಶುರು ಮಾಡಿದರೆ ನಮ್ಮ ಹುಬ್ಬಳ್ಳಿಯಲ್ಲಿ ಯಾರಿದು ಅಂತ ಕೇಳುತ್ತಿರಲಿಲ್ಲ. ಮಲ್ಲಿಕಾರ್ಜುನ ಮನಸೂರರ ಒಂದು ತಾನ್ ಸಾಕಿತ್ತು. ಇಂಥ ಕಿವಿ ಇರುವ ಊರಿನವರು ನಾವು. ನಮ್ಮ ಮಕ್ಕಳ ವಿಡಿಯೊದಲ್ಲಿ ಹಾಡೇ ಕೇಳಿಸದಿದ್ದರೆ ಹೇಗೆ?

ಒಂದು ಘಟನೆ ಹೇಳುತ್ತೇನೆ. ಗದಗಿನ ಕಡೆಯ ಐದು ಜನ ವಿದ್ಯಾರ್ಥಿಗಳು ಶಿಶುನಾಳ ಶರೀಫರ ಒಂದು ತತ್ವಪದಕ್ಕೆ ತಾವೇ ರಾಗ ಕೂಡಿಸಿದ್ದರು. ಕಪ್ಪತಗುಡ್ಡದ ಬುಡದ ಹೊಲದಲ್ಲಿ ನಿಂತು ಶೂಟ್ ಮಾಡಿಕೊಂಡು ಬಂದರು. ಎದುರಿಗೆ ಜೋಳದ ಬೆಳೆ, ಹಿಂದೆ ತಿರುಗುವ ಗಾಳಿ ಯಂತ್ರಗಳು, ಸಂಜೆಯ ಬಿಸಿಲು. ನೋಡಲು ಎರಡು ಕಣ್ಣು ಸಾಲದು. "ಸರ್, ಚಿತ್ರ ಭಾಳ ಚಲೋ ಬಂದೈತ್ರಿ. ದನಿ ಒಂದೀಟು ಸರಿ ಮಾಡಿಕೊಡ್ರಿ" ಎಂದರು.

ಹೆಡ್‌ಫೋನ್ ಹಾಕಿಕೊಂಡೆ. ಗಾಳಿ. ಬರೀ ಗಾಳಿ. ಗಾಳಿ ಯಂತ್ರ ನಿಲ್ಲಿಸುವುದೇ ಗಾಳಿ ಜಾಸ್ತಿ ಬೀಸುವ ಜಾಗದಲ್ಲಿ, ಅಲ್ವಾ? ಫೋನಿನ ಸಣ್ಣ ಮೈಕಿಗೆ ಗಾಳಿ ಬಡಿದರೆ ಗುಡುಗಿದ ಹಾಗೆ ಕೇಳುತ್ತದೆ. ಅದರ ಅಡಿಯಲ್ಲಿ ಹಾಡು ಹೂತುಹೋಗಿತ್ತು.

ಇನ್ನೊಂದು ತೊಂದರೆ ಅದಕ್ಕಿಂತ ದೊಡ್ಡದು. ಅವರು ಪದವನ್ನು ಎಂಟು ಸಲ ಹಾಡಿ ಎಂಟು ಸಲ ಶೂಟ್ ಮಾಡಿದ್ದರು. ಒಂದೊಂದು ಸಲ ಒಂದೊಂದು ಲಯ. ಲೆಕ್ಕ ಹಾಕಿ ನೋಡಿ. ನಿಮಿಷಕ್ಕೆ 80 ಮಾತ್ರೆ, ಅಂದರೆ ತಾಳದ 80 ಪೆಟ್ಟು, ಇಟ್ಟುಕೊಂಡರೆ ಮೂರು ನಿಮಿಷದ ಹಾಡಿಗೆ 240 ಮಾತ್ರೆ. ಉಮೇದಿಗೆ ಬಿದ್ದು ಲಯ 84ಕ್ಕೆ ಏರಿತು ಅನ್ನಿ, ಅದೇ ಹಾಡು 8 ಸೆಕೆಂಡಿಗಿಂತ ಜಾಸ್ತಿ ಮುಂಚೆ ಮುಗಿದುಹೋಗುತ್ತದೆ. ಒಂದನೆಯ ಸಲದ ಚಿತ್ರಕ್ಕೆ ಐದನೆಯ ಸಲದ ದನಿ ಕೂಡಿಸಿದರೆ ಬಾಯಿ ಒಂದು ಕಡೆ, ಪದ ಇನ್ನೊಂದು ಕಡೆ.

ಹಾಡಿದ ಹುಡುಗಿಯ ಕಣ್ಣಲ್ಲಿ ನೀರು ಬಂತು. "ಅಳಬ್ಯಾಡವಾ, ಮತ್ತ ಮಾಡೋಣು. ಈ ಸಲ ಮೊದಲು ದನಿ" ಎಂದೆ.

ಅವಳ ಮನೆಯಲ್ಲೇ ರೆಕಾರ್ಡಿಂಗ್ ಇಟ್ಟುಕೊಂಡೆವು. ಅಜ್ಜಿ ಹೊಲಿದ ಕೌದಿಗಳಿದ್ದವು. ಇದ್ದಷ್ಟನ್ನೂ ಗೋಡೆಗೆ, ಬಾಗಿಲಿಗೆ, ಕಿಟಕಿಗೆ ಇಳಿಬಿಟ್ಟೆವು. ಬರಿ ಗೋಡೆಗೆ ಬಡಿದ ದನಿ ತಿರುಗಿ ಬರುತ್ತದೆ. ಖಾಲಿ ಕೋಣೆ ಗಂವ್ ಅನ್ನುವುದು ಅದಕ್ಕೇ. ಹಳೆ ಸೀರೆಯ ಮೇಲೆ ಸೀರೆ ಪೇರಿಸಿ ಹೊಲಿದ ಕೌದಿ ಆ ದನಿಯನ್ನು ಹೀರಿಕೊಳ್ಳುತ್ತದೆ. ನಮ್ಮ ಭಾಗದಲ್ಲಿ ಕೌದಿ ಇಲ್ಲದ ಮನೆ ಯಾವುದಿದೆ ಹೇಳಿ? ಇದಕ್ಕಿಂತ ಒಳ್ಳೆಯ ಸ್ಟುಡಿಯೊ ನಿಮಗೆ ಬೇಕಾಗಿಲ್ಲ.

ಫ್ಯಾನ್ ಬಂದ್. ಫ್ರಿಜ್ ಬಂದ್. ಫೋನ್ ಏರೋಪ್ಲೇನ್ ಮೋಡಿನಲ್ಲಿ. ಕುಕ್ಕರ್ ಇಡಬೇಡಿ ಅಂತ ಅಜ್ಜಿಗೆ ಕೇಳಿಕೊಂಡೆವು. ಅವರು ಕಟ್ಟೆಯ ಮೇಲೆ ಕೂತು ಬಂದವರನ್ನೆಲ್ಲ ಅಲ್ಲೇ ತಡೆದರು. ಫೋನನ್ನು ಬಾಯಿಂದ ಒಂದು ಗೇಣು ದೂರ ಇಟ್ಟೆವು, ನೇರ ಅಲ್ಲ, ಸ್ವಲ್ಪ ಓರೆಯಾಗಿ. ನೇರ ಇಟ್ಟರೆ 'ಪ', 'ಬ' ಅಂದಾಗಲೆಲ್ಲ ಉಸಿರು ಮೈಕಿಗೆ ಬಡಿದು ಧಡ್ ಅನ್ನುತ್ತದೆ. ಕಿವಿಯಲ್ಲಿ ಇಯರ್‌ಫೋನ್, ಅದರಲ್ಲಿ ನಿಮಿಷಕ್ಕೆ 80ರ ಟಿಕ್ ಟಿಕ್. ಮೊದಲು ದಮ್ಮಡಿ ಮತ್ತು ತಾಳ, ಆಮೇಲೆ ಏಕತಾರಿ, ಕೊನೆಗೆ ಕಂಠ. ಎಲ್ಲ ಬೇರೆ ಬೇರೆ ತೆಗೆದೆವು. ಒಂದು ತಪ್ಪಿದರೆ ಅದನ್ನಷ್ಟೇ ಮತ್ತೆ ತೆಗೆದರಾಯಿತು. ಆಡಾಸಿಟಿ ಎಂಬ ಸಾಫ್ಟ್‌ವೇರ್ ಪುಕ್ಕಟೆ ಸಿಗುತ್ತದೆ, ಅದರಲ್ಲಿ ಎಲ್ಲ ಕೂಡಿಸಿದೆವು. ಹಾಡಿನ ಮುಂದೆ ಮೂರು ಚಪ್ಪಾಳೆ ಸೇರಿಸಿದೆವು. ಯಾಕೆ ಅಂತ ಹೇಳುತ್ತೇನೆ.

ಮರುದಿನ ಅದೇ ಹೊಲ. ಸಣ್ಣ ಸ್ಪೀಕರನ್ನು ಹಾಡುವವರ ಕಾಲ ಹತ್ತಿರ, ಚಿತ್ರದಲ್ಲಿ ಕಾಣದ ಹಾಗೆ ಇಟ್ಟೆವು. ದೂರ ಇಡಬಾರದು. ದನಿ ಒಂದು ಸೆಕೆಂಡಿಗೆ ಹೋಗುವುದು ಸುಮಾರು 340 ಮೀಟರ್. ಸ್ಪೀಕರ್ ನೂರು ಮೀಟರ್ ಆಚೆ ಇದ್ದರೆ ಹಾಡು ಕಿವಿಗೆ ಮುಟ್ಟುವುದೇ ತಡ, ಬಾಯಿಯೂ ಅಷ್ಟೇ ತಡ. ಪ್ರತಿ ಸಲ ಮೂರು ಚಪ್ಪಾಳೆಯಿಂದ ಹಾಡು ಹಚ್ಚಿದೆವು. ಫೋನಿನಲ್ಲಿ ಆ ಚಪ್ಪಾಳೆಯೂ ದಾಖಲಾಗುತ್ತದೆ. ಎಡಿಟ್ ಮಾಡುವಾಗ ಆ ಚಪ್ಪಾಳೆಗೆ ಹಾಡಿನ ಫೈಲಿನ ಚಪ್ಪಾಳೆ ಜೋಡಿಸಿ, ಫೋನಿನ ದನಿ ತೆಗೆದುಬಿಡಿ. ಗಾಳಿ ಎಷ್ಟಾದರೂ ಬೀಸಲಿ. ಇನ್ನೊಂದು ಮಾತು, ಸುಮ್ನೆ ತುಟಿ ಆಡಿಸಬೇಡಿ, ದನಿ ತೆಗೆದೇ ಹಾಡಿ. ಹಾಡುವವರ ಕೊರಳೇ ಬೇರೆ ಕಾಣುತ್ತದೆ.

ಗ್ಯಾದರಿಂಗಿನಲ್ಲಿ ಆ ವಿಡಿಯೊ ತೋರಿಸಿದರು. ಅಜ್ಜಿಗೆ ಕಣ್ಣು ಮಂಜು. ಆದರೂ ಪೂರ್ತಿ ಕೇಳಿ, "ಎರಡನೇ ನುಡಿಯಾಗ ಒಂದು ಶಬ್ದ ತಪ್ಪೈತಿ" ಎಂದರು. ಅಷ್ಟು ಬಿಡಿಸಿ ಕೇಳಿಸಿತ್ತು! ನನಗೆ ಆದ ಸಂತೋಷ ಹೇಳತೀರದು.

ಸಮಯ ಜಾಸ್ತಿ ಉಳಿದಿಲ್ಲ, ಬೇಗ ಬೇಗ ಹೇಳುತ್ತೇನೆ. ಟ್ಯೂಬ್‌ಲೈಟಿನ ಕೆಳಗೆ ಶೂಟ್ ಮಾಡಿದರೆ ಚಿತ್ರದಲ್ಲಿ ಪಟ್ಟೆ ಓಡುತ್ತದೆ. ನಮ್ಮ ಕರೆಂಟು 50 ಹರ್ಟ್ಸ್, ಅಂದರೆ ಸೆಕೆಂಡಿಗೆ 50 ಸುತ್ತು, ಅದರ ಜೊತೆ ಬೆಳಕೂ ಮಿನುಗುತ್ತದೆ. ಫೋನಿನ ಪ್ರೊ ಮೋಡಿನಲ್ಲಿ ಶಟರ್ ವೇಗವನ್ನು 1/50ಕ್ಕೆ, ಅಂದರೆ ಸೆಕೆಂಡಿನ ಐವತ್ತನೇ ಒಂದು ಭಾಗಕ್ಕೆ, ಇಡಿ. ಲಕ್ಕುಂಡಿಯ ಗುಡಿಗಳಲ್ಲಿ ಚಿತ್ರೀಕರಿಸುವುದಾದರೆ ಪುರಾತತ್ವ ಇಲಾಖೆಗೆ ಮುಂಚೆಯೇ ಅರ್ಜಿ ಕೊಡಿ. ಪದ ಯಾರದ್ದು ಅಂತಲೂ ನೋಡಿಕೊಳ್ಳಿ. ಶರೀಫರು ತೀರಿಕೊಂಡದ್ದು 1889ರಲ್ಲಿ, ಅವರ ಪದ ಯಾರಾದರೂ ಹಾಡಬಹುದು. ನಮ್ಮ ಸಾಧನಕೇರಿಯ ಬೇಂದ್ರೆಯವರು ತೀರಿಕೊಂಡದ್ದು 1981ರಲ್ಲಿ. ಕವಿ ಹೋದ ಮೇಲೆ 60 ವರ್ಷ ಹಕ್ಕು ಇರುತ್ತದೆ, ಹಾಗಾಗಿ 2041 ಮುಗಿಯುವವರೆಗೆ ಅನುಮತಿ ಕೇಳಲೇಬೇಕು. ಬೇರೆಯವರ ರೆಕಾರ್ಡಿಂಗ್ ಎತ್ತಿ ಹಾಕಿಕೊಳ್ಳುವುದು ಅಂತೂ ಬೇಡವೇ ಬೇಡ. ನಿಮಗೆ ಹಾಡಲು ಬರುತ್ತದೆ, ನೀವೇ ಹಾಡಿ.

ಗಾಜಿನ ಆಚೆಯಿಂದ ಕೈ ಸನ್ನೆ ಬಂತು. ಎಡಿಟಿಂಗ್ ಬಗ್ಗೆ ಹೇಳುವುದು ಉಳಿದೇಹೋಯಿತು. ಒಂದೇ ಮಾತು. ಎಡಿಟ್ ಮಾಡಲು ಕೂತಾಗ ಮೊದಲು ಹಾಡಿನ ಫೈಲ್ ಇಳಿಸಿ, ಅದರ ಮೇಲೆ ಚಿತ್ರ ಜೋಡಿಸಿ. ಅಲ್ಲಿಯೂ ಮೊದಲು ದನಿ, ಆಮೇಲೆ ಚಿತ್ರ. ನಮಸ್ಕಾರ.