ಆ '1' ಅನ್ನು ಮುಟ್ಟಬೇಡಿ

ಎಲ್ಲರಿಗೂ ನಮಸ್ಕಾರ. ಇವತ್ತು ಬೇರೆ ಏನೋ ಮಾತಾಡಬೇಕು ಅಂತ ಕೂತಿದ್ದೆ. ಬೆಳಗ್ಗೆ ಕಾಫಿ ಕುಡಿಯುತ್ತಾ ಒಂದು ಕಾಮೆಂಟ್ ಓದಿದೆ ನೋಡಿ, ಕಾಫಿ ಲೋಟದಲ್ಲೇ ಆರಿಹೋಯಿತು. "ಗಲಾರಾಗಾ ಮ್ಯಾಚಿನ ಸ್ಕೋರ್ ಇನ್ನೂ ಯಾಕೆ ತಿದ್ದಿಲ್ಲ? ಅಂಪೈರೇ ತಪ್ಪು ಒಪ್ಪಿಕೊಂಡಿದ್ದಾರೆ. ಒಂದು ಅಂಕಿ ಬದಲಾಯಿಸೋಕೆ ಏನು ಕಷ್ಟ?"

ಕಷ್ಟ ಏನೂ ಇಲ್ಲ ಸ್ವಾಮಿ. ಒಂದು ರಬ್ಬರ್ ಸಾಕು. ಆದರೂ ತಿದ್ದಬಾರದು.

ಬೇಸ್‌ಬಾಲ್ ಗೊತ್ತಿಲ್ಲದವರಿಗೆ ಎರಡು ಮಾತು. 2010ರ ಜೂನ್ 2, ಡೆಟ್ರಾಯಿಟ್. ಟೈಗರ್ಸ್ ತಂಡದ ಪಿಚರ್ (ಚೆಂಡು ಎಸೆಯುವವರು, ನಮ್ಮ ಬೌಲರ್ ತರಹ) ಅರ್ಮಾಂಡೊ ಗಲಾರಾಗಾ, ಎದುರಿಗೆ ಕ್ಲೀವ್‌ಲ್ಯಾಂಡ್. 9 ಇನ್ನಿಂಗ್ಸ್, ಒಂದೊಂದಕ್ಕೆ 3 ಔಟ್, ಒಟ್ಟು 27. ಒಬ್ಬರೂ ಬೇಸ್ (ಬ್ಯಾಟ್ ಬೀಸಿದವರು ಓಡಿ ಮುಟ್ಟಬೇಕಾದ ಜಾಗ) ತಲುಪದ ಹಾಗೆ 27 ಜನರನ್ನೂ ವಾಪಸ್ ಕಳಿಸಿದರೆ ಅದು ಪರ್ಫೆಕ್ಟ್ ಗೇಮ್. ಅಮೆರಿಕದ ದೊಡ್ಡ ಲೀಗಾದ ಮೇಜರ್ ಲೀಗಿನಲ್ಲಿ 2023ರವರೆಗೆ ಅಂಥವು ಬರೀ 24.

26 ಜನ ಹೋದರು. 27ನೆಯವರು ಜೇಸನ್ ಡೊನಾಲ್ಡ್. ಚೆಂಡನ್ನು ನೆಲದ ಮೇಲೆ ಉರುಳಿಸಿದರು. ಫಸ್ಟ್ ಬೇಸ್ ಕಾಯುತ್ತಿದ್ದ ಟೈಗರ್ಸ್‌ನ ಮಿಗೆಲ್ ಕಬ್ರೆರಾ ಬಲಕ್ಕೆ ಓಡಿ ಹಿಡಿದು ಎಸೆದರು. ಗಲಾರಾಗಾ ತಾವೇ ಫಸ್ಟ್ ಬೇಸಿಗೆ ಓಡಿಬಂದು ಹಿಡಿದರು, ಕಾಲು ಬೇಸಿನ ಮೇಲೆ. ಡೊನಾಲ್ಡ್ ಇನ್ನೂ ಒಂದು ಹೆಜ್ಜೆ ದೂರ, ಅಂದರೆ ಔಟ್. ಅಂಪೈರ್ ಜಿಮ್ ಜಾಯ್ಸ್ ಎರಡೂ ಕೈ ಚಾಚಿದರು: ಸೇಫ್, ಅಂದರೆ ನಾಟ್ ಔಟ್! ಗಲಾರಾಗಾ ಸುಮ್ನೆ ನಕ್ಕರು. ವಾಪಸ್ ಹೋಗಿ ಮುಂದಿನವರಾದ ಟ್ರೆವರ್ ಕ್ರೋ ಅವರನ್ನೂ ಔಟ್ ಮಾಡಿದರು. ಅಂದರೆ 28 ಔಟ್.

ಈಗ ಬಾಕ್ಸ್ ಸ್ಕೋರ್, ಅಂದರೆ ಆ ಮ್ಯಾಚಿನ ಸ್ಕೋರ್‌ಕಾರ್ಡ್ ತೆಗೆಯಿರಿ. ಗಲಾರಾಗಾ ಸಾಲು: 9 ಇನ್ನಿಂಗ್ಸ್, 1 ಹಿಟ್ (ಜಾಯ್ಸ್ ಸೇಫ್ ಅಂದ ಡೊನಾಲ್ಡ್ ಹೊಡೆತ, ಆ '1' ಇದೇ), 0 ರನ್, 0 ವಾಕ್, 3 ಸ್ಟ್ರೈಕ್‌ಔಟ್, 88 ಎಸೆತ. ಟೈಗರ್ಸ್‌ಗೆ 3-0 ಗೆಲುವು. ಆಟದ ಸಮಯ 1 ಗಂಟೆ 44 ನಿಮಿಷ, ನಮ್ಮ ಸಿನಿಮಾ ಇಂಟರ್‌ವಲ್ ಮುಗಿಸಿ ಫೈಟಿಗೆ ಬರುವಷ್ಟರಲ್ಲಿ ಇವರ ಮ್ಯಾಚೇ ಮುಗಿದಿದೆ. ಎಲ್ಲಕ್ಕಿಂತ ಕೆಳಗೆ ಅಂಪೈರ್‌ಗಳ ಹೆಸರು. ಫಸ್ಟ್ ಬೇಸ್: ಜಾಯ್ಸ್. ಮೇಲೆ ಆ 1, ಕೆಳಗೆ ಈ ಹೆಸರು. ಇವೆರಡರ ನಡುವೆ ಇಡೀ ಕಥೆ ಇದೆ. 1 ತೆಗೆದು 0 ಹಾಕಿ, ಕಥೆ ಎಲ್ಲಿ ಹೋಯಿತು? 24ರ ಪಟ್ಟಿಗೆ ಇನ್ನೊಂದು ಹೆಸರು ಸೇರಿತು, ಅಷ್ಟೇ.

ಕ್ರಿಕೆಟ್ ಭಾಷೆಯಲ್ಲಿ ಹೇಳುತ್ತೇನೆ. 1999, ಕೋಟ್ಲಾ, ಕುಂಬ್ಳೆ 74ಕ್ಕೆ 10. ಎಲ್ಲರೂ ಆ 10 ನೋಡುತ್ತೀರಿ. ನಾನು ಅದೇ ಕಾರ್ಡಿನಲ್ಲಿ ಶ್ರೀನಾಥ್ ಮುಂದಿರುವ 0 ನೋಡುತ್ತೇನೆ. ಕುಂಬ್ಳೆಗೆ ಹತ್ತನೆಯದು ಸಿಗಲಿ ಅಂತ ಆ ಮನುಷ್ಯ ಬೇಕಂತಲೇ ಸ್ಟಂಪಿನಿಂದ ಆಚೆ ಹಾಕುತ್ತಿದ್ದರು. ಆ 0 ಎಷ್ಟು ಮಾತಾಡುತ್ತದೆ ಅಲ್ವಾ? ಆ 1 ಕೂಡ ಹಾಗೇ. ಅಂದ ಹಾಗೆ, ಬಾಕ್ಸ್ ಸ್ಕೋರಿಗೆ ರೂಪ ಕೊಟ್ಟ ಹೆನ್ರಿ ಚಾಡ್ವಿಕ್ ಕೂಡ ಮೊದಲು ಕ್ರಿಕೆಟ್ ವರದಿ ಬರೆಯುತ್ತಿದ್ದವರೇ, ಹುಟ್ಟಿದ್ದು ಇಂಗ್ಲೆಂಡಿನಲ್ಲಿ. ಇದರ ಮೇಲೆ ಒಂದು ಎಪಿಸೋಡ್ ಬರಲಿದೆ. ಬೆಲ್ ಒತ್ತಿದವರಿಗೆ ಮೊದಲು ಗೊತ್ತಾಗುತ್ತದೆ. ಒತ್ತದವರು ಡೊನಾಲ್ಡ್ ತರಹ, ಔಟಾಗಿದ್ದರೂ ಬೇಸ್ ಮೇಲೆ ನಿಂತಿದ್ದೀರಿ.

"ಆದರೆ ಅನ್ಯಾಯ ಆಯಿತಲ್ಲ ಸರ್?" ಯಾರಿಗೆ? ಮರುದಿನ ಗಲಾರಾಗಾಗೆ ಕಾರು ಕಂಪನಿಯವರು ಹೊಸ ಕಾರ್ವೆಟ್ ಸ್ಪೋರ್ಟ್ಸ್ ಕಾರು ಕೊಟ್ಟರು! ನಾನು ಇಷ್ಟು ವರ್ಷದಿಂದ ಚಾನೆಲ್ ನಡೆಸುತ್ತಿದ್ದೇನೆ, ಒಂದು ಸೈಕಲ್ ಬೆಲ್ ಕೊಟ್ಟವರಿಲ್ಲ. ಆ ಮರುದಿನದ ಆಟ ಶುರುವಾಗುವ ಮುಂಚೆ ತಂಡದ ಪಟ್ಟಿಯನ್ನು ಜಾಯ್ಸ್ ಕೈಗೆ ಕೊಟ್ಟವರು ಇದೇ ಗಲಾರಾಗಾ. ಜಾಯ್ಸ್ ಕಣ್ಣೀರು ಒರೆಸಿಕೊಂಡರು. ಲೀಗಿನ ಆಗಿನ ಮುಖ್ಯಸ್ಥ, ಕಮಿಷನರ್ ಬಡ್ ಸೆಲಿಗ್ ತೀರ್ಪು ಬದಲಿಸಲಿಲ್ಲ. ನನ್ನ ಪ್ರಕಾರ ಅವರು ಮಾಡಿದ ಒಳ್ಳೆಯ ಕೆಲಸ ಅದು. 2014ರಿಂದ ಇಂಥ ತೀರ್ಪಿಗೂ ರೀಪ್ಲೇ ಬಂತು. ಬರಲಿ, ಸಂತೋಷ. ಆದರೆ ಆ 1 ಮುಟ್ಟಬೇಡಿ.

ತಿದ್ದುತ್ತಾ ಹೋದರೆ ಎಲ್ಲಿ ನಿಲ್ಲಿಸುತ್ತೀರಿ? ಅವತ್ತು ಸೋತ ಪಿಚರ್ ಹೆಸರು ಫೌಸ್ಟೊ ಕರ್ಮೋನಾ. 2012ರಲ್ಲಿ ಗೊತ್ತಾಯಿತು, ಅದು ಅವರ ಹೆಸರೇ ಅಲ್ಲ! ನಿಜವಾದ ಹೆಸರು ರಾಬರ್ಟೊ ಹೆರ್ನಾಂಡೆಜ್. "ಸರ್, ಈಗ ವೆಬ್‌ಸೈಟುಗಳಲ್ಲಿ ಆ ಹೆಸರನ್ನು ತಿದ್ದಿದ್ದಾರಲ್ಲ?" ಅನ್ನುತ್ತೀರಿ. ಗೊತ್ತಿತ್ತು, ಇದನ್ನು ಕೇಳೇ ಕೇಳುತ್ತೀರಿ ಅಂತ. ಅದು ಬೇರೆ. ಹೇಗೆ ಬೇರೆ? ಬೇರೆ ಅಂದರೆ ಬೇರೆ! ಹೆಸರು ಹೆಸರು, ಅಂಕಿ ಅಂಕಿ. ಇಲ್ಲಿ ಸ್ಕ್ರಿಪ್ಟಲ್ಲಿ ಮೂರನೇ ಕಾರಣ ಅಂತ ಬರೆದುಕೊಂಡಿದ್ದೇನೆ, ಮುಂದೆ ಖಾಲಿ ಇದೆ. ಪರವಾಗಿಲ್ಲ. ಆ 1 ಅಲ್ಲೇ ಇರಲಿ, ಅಷ್ಟೇ!

ಇನ್ನೊಂದು ವಿಷಯ. ಆ ಕಾಮೆಂಟ್ ಡಿಲೀಟ್ ಮಾಡೋಣ ಅಂತ ಬೆಳಗ್ಗೆ ಕೈ ಹೋಗಿತ್ತು. ಮಾಡಿಲ್ಲ, ಪಿನ್ ಮಾಡಿದ್ದೇನೆ. ಹೋಗಿ ನೋಡಿ, ಗಲಾರಾಗಾ ಸ್ಪೆಲಿಂಗ್ ಕೂಡ ತಪ್ಪಿದೆ.