ಗೇರ್ ಮೋಟರ್ ಕೊಳ್ಳುವ ಮುಂಚೆ ಚಕ್ರದ ಲೆಕ್ಕ ಹಾಕಿ

ಎಲ್ಲರಿಗೂ ನಮಸ್ಕಾರ. ರೋಬೋ ಕಟ್ಟಲು ಹೊರಟವರು ಅಂಗಡಿಯಲ್ಲಿ ಮೊದಲು ಕೇಳುವುದು ಇದನ್ನೇ: "ಅಣ್ಣಾ, ನೂರು ಆರ್‌ಪಿಎಂ ಮೋಟರ್ ಇದೆಯಾ?" ಬೆಂಗಳೂರಿನ ಎಸ್‌ಪಿ ರಸ್ತೆಯಲ್ಲಾಗಲಿ, ಆನ್‌ಲೈನ್‌ನಲ್ಲಾಗಲಿ, ಗೇರ್ ಮೋಟರ್ (ವೇಗ ಇಳಿಸಿ ಬಲ ಹೆಚ್ಚಿಸಲು ಗೇರು ಜೋಡಿಸಿದ ಮೋಟರ್) ಮಾರುವುದೇ ವೋಲ್ಟ್ ಮತ್ತು ಆರ್‌ಪಿಎಂ, ಅಂದರೆ ನಿಮಿಷಕ್ಕೆ ಎಷ್ಟು ಸುತ್ತು ಅನ್ನುವುದನ್ನು ಹೇಳಿ. ಆದರೆ ಆ ಎರಡು ಅಂಕಿ ನೋಡಿ ತಂದ ಮೋಟರ್ ನಿಮ್ಮ ರೋಬೋವನ್ನು ಎಳೆಯುತ್ತದೆ ಅನ್ನುವ ಖಾತ್ರಿ ಇಲ್ಲ. ಯಾಕೆ ಅಂತ ನೋಡೋಣ.

[ತೆರೆಯ ಮೇಲೆ: ಎಡದಿಂದ ಬಲಕ್ಕೆ ಇಳಿಯುವ ಒಂದು ನೇರ ಗೆರೆ]

ಈ ಗೆರೆ ನೋಡಿ, ಭಾರ ಹೆಚ್ಚಿದಂತೆ ಮೋಟರ್‌ನ ವೇಗ ಇಳಿಯುವುದನ್ನು ತೋರಿಸುತ್ತದೆ. ಎಡತುದಿಯಲ್ಲಿ ಮೋಟರ್‌ಗೆ ಏನೂ ಭಾರವಿಲ್ಲ, ಸುಮ್ನೆ ಗಾಳಿಯಲ್ಲಿ ತಿರುಗುತ್ತಿದೆ. ಲೇಬಲ್ ಮೇಲಿನ ಆರ್‌ಪಿಎಂ ಸಾಮಾನ್ಯವಾಗಿ ಈ ಜಾಗದ್ದು. ಬಲತುದಿಯಲ್ಲಿ ಭಾರ ಎಷ್ಟಿದೆ ಅಂದರೆ ಶಾಫ್ಟ್ ತಿರುಗುವುದೇ ಇಲ್ಲ. ತಿರುಗಿಸುವ ಬಲಕ್ಕೆ ಟಾರ್ಕ್ ಅನ್ನುತ್ತಾರೆ, ಹೀಗೆ ನಿಂತುಹೋದಾಗ ಮೋಟರ್ ಹಾಕುವ ಬಲವೇ ಸ್ಟಾಲ್ ಟಾರ್ಕ್. ಜಾಹೀರಾತಿನಲ್ಲಿ ದೊಡ್ಡದಾಗಿ ಬರೆಯುವುದು ಹೆಚ್ಚಾಗಿ ಇದನ್ನೇ. ಅಂದರೆ ಆ ವೇಗ, ಈ ಬಲ ಎರಡೂ ಒಟ್ಟಿಗೆ ಸಿಗುವುದೇ ಇಲ್ಲ. ನಿಮ್ಮ ರೋಬೋ ಓಡುವುದು ಇವೆರಡರ ನಡುವೆ. ಸಣ್ಣ ಗೇರ್ ಮೋಟರ್ ತುಂಬಾ ದಿನ ಬಾಳಬೇಕು ಅಂದರೆ, ಸ್ಟಾಲ್ ಟಾರ್ಕ್‌ನ ಕಾಲು ಭಾಗಕ್ಕಿಂತ ಜಾಸ್ತಿ ಕೆಲಸ ಅದರ ಮೇಲೆ ಹೇರಬೇಡಿ.

[ತೆರೆಯ ಮೇಲೆ: ಹಳದಿ ಬಿಒ ಮೋಟರ್, ಹತ್ತಿರದಿಂದ]

ಇದನ್ನು ನೀವೆಲ್ಲ ನೋಡಿರುತ್ತೀರಿ. ಕಿಟ್‌ಗಳಲ್ಲಿ ಬರುವ ಹಳದಿ ಮೋಟರ್, ಒಳಗೆ ಪ್ಲಾಸ್ಟಿಕ್ ಗೇರು, ಅನುಪಾತ 1:48. ಅಂದರೆ ಒಳಗಿನ ಪುಟ್ಟ ಮೋಟರ್ 48 ಸುತ್ತು ಸುತ್ತಿದರೆ ಹೊರಗಿನ ಶಾಫ್ಟ್ ಒಂದು ಸುತ್ತು. ಹಿಂದುಗಡೆ ಈ ಎರಡು ತೆಳು ತಾಮ್ರದ ಕಿವಿಗಳಿವೆ ನೋಡಿ, ವೈರ್ ಬೆಸುಗೆ ಹಾಕುವುದು ಇಲ್ಲೇ. ವೈರ್ ಎಳೆದಾಡಿದರೆ ಇವು ಮುರಿಯುತ್ತವೆ, ಮೋಟರ್ ಕಥೆ ಮುಗಿಯಿತು. ಹಾಗಾಗಿ ವೈರನ್ನು ಮೋಟರ್ ಮೈಗೆ ಒಂದು ಟೈ ಹಾಕಿ ಬಿಗಿಯಿರಿ. 6 ವೋಲ್ಟ್ ಕೊಟ್ಟರೆ ಭಾರವಿಲ್ಲದೆ ಸುಮಾರು 250 ಆರ್‌ಪಿಎಂ ಬರುತ್ತದೆ. ಸ್ಟಾಲ್ ಟಾರ್ಕ್ ಸುಮಾರು 0.8 ಕೆಜಿ ಸೆಂಟಿಮೀಟರ್. ಶಾಫ್ಟ್‌ನ ನಡುವಿನಿಂದ 1 ಸೆಂ.ಮೀ ದೂರದಲ್ಲಿ 800 ಗ್ರಾಂ ತೂಗುಹಾಕಿದರೆ ಮೋಟರ್ ತಿರುಗದೆ ನಿಲ್ಲುತ್ತದೆ, ಅಷ್ಟೇ.

ಈಗ ಲೆಕ್ಕ. ಬ್ಯಾಟರಿ ಎಲ್ಲಾ ಸೇರಿ ರೋಬೋ ತೂಕ 1 ಕೆಜಿ ಅಂತಿಟ್ಟುಕೊಳ್ಳಿ. ಚಕ್ರ 65 ಮಿ.ಮೀ, ಅಂದರೆ ಅದರ ಅರ್ಧ 3.25 ಸೆಂ.ಮೀ. ಮೋಟರ್ ಎರಡು. ನುಣುಪು ನೆಲದ ಮೇಲೆ ಉರುಳಿಸಲು ಬೇಕಾದ ಬಲ ತುಂಬಾ ಕಡಿಮೆ, ಒಂದೊಂದು ಮೋಟರ್‌ಗೆ 0.1 ಕೆಜಿ ಸೆಂಟಿಮೀಟರ್ ಕೂಡ ಬರುವುದಿಲ್ಲ. ಹಳದಿ ಮೋಟರ್ ಆರಾಮಾಗಿ ಓಡುತ್ತದೆ. ಈಗ ಮುಂದೆ 15 ಡಿಗ್ರಿಯ ಏರು ಇಡೋಣ. ಅಲ್ಲಿ ತೂಕದ ಸುಮಾರು ಕಾಲು ಭಾಗ, 0.26 ಕೆಜಿ, ಹಿಂದಕ್ಕೆ ಜಗ್ಗುತ್ತದೆ. ಅದನ್ನು 3.25ರಿಂದ ಗುಣಿಸಿ: 0.84. ಎರಡು ಮೋಟರ್‌ಗೆ ಹಂಚಿದರೆ 0.42. ಉರುಳುವ ತಡೆಯೂ ಸೇರಿ 0.5 ಅನ್ನಿ.

0.8ರಲ್ಲಿ 0.5! ಕಾಲು ಭಾಗ ಎಲ್ಲಿ, ಇದು ಅರ್ಧ ದಾಟಿ ಹೋಯಿತು. ಏರಿನಲ್ಲಿ ರೋಬೋ ತೆವಳುತ್ತದೆ, ಮೋಟರ್ ಬಿಸಿಯಾಗುತ್ತದೆ. ಮನೆಯ ನೆಲದ ಮೇಲೆ ಚೆನ್ನಾಗಿ ಓಡಿದ ರೋಬೋ ಸ್ಪರ್ಧೆಯ ರ್‍ಯಾಂಪ್ ಮೇಲೆ ನಿಂತುಬಿಡುವುದಕ್ಕೆ ಇದೇ ಕಾರಣ. ಕೋಡ್‌ನಲ್ಲಿ ತಪ್ಪು ಹುಡುಕುತ್ತಾ ರಾತ್ರಿ ಕಳೆಯಬೇಡಿ.

ಪರಿಹಾರ ಏನು? ಮೋಟರ್ ಬದಲಿಸುವ ಮುಂಚೆ ಚಕ್ರ ನೋಡಿ. ಇದನ್ನು ಬಹಳ ಜನ ಮರೆಯುತ್ತಾರೆ. 65ರ ಜಾಗದಲ್ಲಿ 43 ಮಿ.ಮೀ ಚಕ್ರ ಹಾಕಿದರೆ ಬೇಕಾದ ಟಾರ್ಕ್ ಮೂರನೇ ಒಂದು ಭಾಗ ಇಳಿಯುತ್ತದೆ. ವೇಗವೂ ಅಷ್ಟೇ ಇಳಿಯುತ್ತದೆ, ನಿಜ. ಅದೂ ಸಾಲದು ಅನ್ನಿಸಿದರೆ 2 ಕೆಜಿ ಸೆಂಟಿಮೀಟರ್ ಸ್ಟಾಲ್ ಟಾರ್ಕ್ ಇರುವ ಮೆಟಲ್ ಗೇರ್ ಮೋಟರ್‌ಗೆ ಹೋಗಿ.

[ತೆರೆಯ ಮೇಲೆ: ಎನ್20, 25 ಮಿ.ಮೀ ಮೋಟರ್, ಜಾನ್ಸನ್ ಮೋಟರ್ ಪಕ್ಕಪಕ್ಕ]

ಎಡಗಡೆ ಎನ್20. ಬೆರಳ ತುದಿಯಷ್ಟು ಅಗಲ, 3 ಮಿ.ಮೀ ಶಾಫ್ಟ್. ಹಗುರವಾದ ಲೈನ್ ಫಾಲೋವರ್‌ಗೆ (ನೆಲದ ಗೆರೆ ಹಿಡಿದು ಓಡುವ ರೋಬೋಗೆ) ಇದಕ್ಕಿಂತ ಒಳ್ಳೆಯದು ನನಗೆ ಕಾಣುವುದಿಲ್ಲ. ಎನ್20ರಲ್ಲಿ 30 ಆರ್‌ಪಿಎಂನಿಂದ ಸಾವಿರ ದಾಟಿದವರೆಗೂ ಸಿಗುತ್ತದೆ. ಒಳಗಿನ ಮೋಟರ್ ಹೆಚ್ಚುಕಡಿಮೆ ಅದೇ, ಬದಲಾಗುವುದು ಗೇರಿನ ಅನುಪಾತ. ಒಂದು ಎಚ್ಚರಿಕೆ: ತುಂಬಾ ನಿಧಾನದ ಎನ್20ಯಲ್ಲಿ ಸ್ಟಾಲ್ ಟಾರ್ಕ್ ದೊಡ್ಡದಾಗಿ ಬರೆದಿರುತ್ತದೆ, ಆದರೆ ಆ ಬಲ ತಡೆಯುವ ಶಕ್ತಿ ಅದರ ಪುಟ್ಟ ಹಲ್ಲುಗಳಿಗೇ ಇರುವುದಿಲ್ಲ. ಚಕ್ರ ಸಿಕ್ಕಿಕೊಂಡರೆ ಗೇರು ಸವೆದು ಹೋಗುತ್ತದೆ. ಅಂಥ ಮೋಟರ್‌ನ ಚಕ್ರವನ್ನು ಕೈಯಿಂದ ತಿರುಗಿಸಲೂ ಹೋಗಬೇಡಿ.

ನಡುವಿನದು 25 ಮಿ.ಮೀ, 4 ಮಿ.ಮೀ ಶಾಫ್ಟ್. ನಮ್ಮ ಒಂದು ಕೆಜಿ ರೋಬೋಗೆ ಇದೇ ಸರಿ. ಬಲಗಡೆಯ 12 ವೋಲ್ಟ್ ಜಾನ್ಸನ್ ಮೋಟರ್ ಕೆಲವು ಕೆಜಿ ತೂಗುವ ರೋಬೋಗಳಿಗೆ. ಚಿಕ್ಕ ರೋಬೋಗೆ ಇದನ್ನು ಹಾಕಿದರೆ ಮೋಟರ್ ಹೊರುವುದೇ ಒಂದು ಕೆಲಸವಾಗುತ್ತದೆ.

ವೇಗ ಎಷ್ಟು ಬೇಕು? 65 ಮಿ.ಮೀ ಚಕ್ರ ಒಂದು ಸುತ್ತಿಗೆ 20 ಸೆಂ.ಮೀ ಹೋಗುತ್ತದೆ. 100 ಆರ್‌ಪಿಎಂ ಅಂದರೆ ಸೆಕೆಂಡಿಗೆ ಸುಮಾರು 34 ಸೆಂ.ಮೀ. ಮನೆಯೊಳಗೆ ಓಡುವ, ಗೋಡೆ ಕಂಡರೆ ತಿರುಗುವ ರೋಬೋಗೆ ಇಷ್ಟು ಸಾಕು.

ಇನ್ನು ಡ್ರೈವರ್, ಅಂದರೆ ಬ್ಯಾಟರಿಯ ಕರೆಂಟನ್ನು ಮೋಟರ್‌ಗೆ ಹಾಯಿಸಿ ನಿಯಂತ್ರಿಸುವ ಬೋರ್ಡು. ಮೋಟರ್‌ನಷ್ಟೇ ಇದೂ ಮುಖ್ಯ. ಹಳದಿ ಮೋಟರ್ ಭಾರವಿಲ್ಲದಾಗ 0.16 ಆಂಪಿಯರ್ ಎಳೆದರೆ, 6 ವೋಲ್ಟ್‌ನಲ್ಲಿ ನಿಂತುಹೋದಾಗ ಎಳೆಯುವುದು 1.5 ಆಂಪಿಯರ್ ಹತ್ತಿರ. ನಮ್ಮ ಏರಿನಲ್ಲಿ 1 ಆಂಪಿಯರ್ ಹತ್ತಿರ ಬರುತ್ತದೆ. ಎಲ್293ಡಿ ಅನ್ನುವ ಡ್ರೈವರ್ ಚಿಪ್ ಒಂದು ಮೋಟರ್‌ಗೆ ಸತತವಾಗಿ ಕೊಡಬಲ್ಲದ್ದು 0.6 ಆಂಪಿಯರ್ ಮಾತ್ರ. ಕೆಂಪು ಬೋರ್ಡಿನ ಎಲ್298ಎನ್ 2 ಆಂಪಿಯರ್ ಕೊಡುತ್ತದೆ, ಆದರೆ ದಾರಿಯಲ್ಲೇ ಸುಮಾರು 2 ವೋಲ್ಟ್ ನುಂಗಿಬಿಡುತ್ತದೆ. 6 ವೋಲ್ಟ್ ಬ್ಯಾಟರಿ ಇಟ್ಟರೆ ಮೋಟರ್‌ಗೆ ಸಿಗುವುದು 4. ಆಗ 0.8 ಇದ್ದ ಸ್ಟಾಲ್ ಟಾರ್ಕ್ 0.55ರ ಆಸುಪಾಸಿಗೆ ಇಳಿಯುತ್ತದೆ. ಏರಿಗೆ ಬೇಕಿದ್ದದ್ದು 0.5, ನೆನಪಿದೆ ಅಲ್ವಾ? ಸಣ್ಣ ಮೋಟರ್‌ಗಳಿಗೆ ಟಿಬಿ6612 ಅಥವಾ ಡಿಆರ್‌ವಿ8833 ತಗೊಳ್ಳಿ. ಇವುಗಳಲ್ಲಿ ವೋಲ್ಟ್ ಪೋಲಾಗುವುದು ತುಂಬಾ ಕಡಿಮೆ.

ಚೌಕದ 9 ವೋಲ್ಟ್ ಬ್ಯಾಟರಿಯನ್ನು ದಯವಿಟ್ಟು ಮೋಟರ್‌ಗೆ ಹಾಕಬೇಡಿ. ಅದು ಮಲ್ಟಿಮೀಟರ್‌ನಂಥ ಕಡಿಮೆ ಕರೆಂಟ್ ಎಳೆಯುವ ವಸ್ತುಗಳಿಗೆ ಇರುವುದು. ಮೋಟರ್ ಶುರುವಾದ ತಕ್ಷಣ ವೋಲ್ಟ್ ಕುಸಿದು, ರೋಬೋವನ್ನು ನಡೆಸುವ ಆರ್ಡುಇನೋ ಬೋರ್ಡು ರೀಸೆಟ್ ಆಗುತ್ತದೆ.

[ತೆರೆಯ ಮೇಲೆ: ಮಲ್ಟಿಮೀಟರ್, ಕೆಂಪು ವೈರ್ 10 ಆಂಪಿಯರ್ ತೂತಿನಲ್ಲಿ]

ಡೇಟಾಶೀಟ್ (ಅಂಕಿಅಂಶದ ಹಾಳೆ) ಇಲ್ಲದ ಮೋಟರ್ ತಂದಿದ್ದರೂ ಚಿಂತೆ ಇಲ್ಲ. ಮೀಟರನ್ನು 10 ಆಂಪಿಯರ್‌ಗೆ ಇಟ್ಟು ಬ್ಯಾಟರಿ ಮತ್ತು ಮೋಟರ್ ನಡುವೆ ಸೇರಿಸಿ. ಹಳದಿ ಮೋಟರ್‌ನಂಥ ಕಡಿಮೆ ಬಲದ್ದಾದರೆ ಚಕ್ರವನ್ನು ಒಂದು ಸೆಕೆಂಡ್ ಹಿಡಿದು ನಿಲ್ಲಿಸಿ, ಅಂಕಿ ಓದಿ, ಬಿಟ್ಟುಬಿಡಿ. ಮೆಟಲ್ ಗೇರಿನದ್ದಾದರೆ ಹಿಡಿಯಲು ಹೋಗಬೇಡಿ, ಗೇರಿಗೂ ಬೆರಳಿಗೂ ಒಳ್ಳೆಯದಲ್ಲ. ಬ್ಯಾಟರಿ ಬಿಚ್ಚಿ, ಮೋಟರ್ ಸುಮ್ನೆ ಇರುವಾಗ ಅದರ ಎರಡು ತುದಿಗಳ ನಡುವಿನ ಓಮ್ ಅಳೆದು, ಬ್ಯಾಟರಿಯ ವೋಲ್ಟನ್ನು ಅದರಿಂದ ಭಾಗಿಸಿ. ಸ್ಟಾಲ್ ಕರೆಂಟ್, ಅಂದರೆ ಮೋಟರ್ ನಿಂತುಹೋದಾಗ ಎಳೆಯುವ ಕರೆಂಟ್, ಅಂದಾಜಿಗೆ ಸಿಗುತ್ತದೆ. ಡ್ರೈವರ್ ಕೊಳ್ಳುವಾಗ ಆ ಅಂಕಿ ಕೈಯಲ್ಲಿರಲಿ.

ಮೆಟಲ್ ಮೋಟರ್ ಕೂರಿಸುವಾಗ ಸ್ಕ್ರೂ ಉದ್ದ ನೋಡಿಕೊಳ್ಳಿ. ಜಾಸ್ತಿ ಒಳಗೆ ಹೋದರೆ ತುದಿ ನೇರವಾಗಿ ಗೇರಿಗೆ ತಾಗಿ ಹೊಸ ಮೋಟರ್ ಬಿಗಿದುಕೊಳ್ಳುತ್ತದೆ. ನಿಮ್ಮ ರೋಬೋದ ತೂಕ, ಚಕ್ರದ ಅಳತೆ, ಏರು ಎಷ್ಟು ಅಂತ ಕೆಳಗೆ ಬರೆಯಿರಿ. ಯಾವ ಮೋಟರ್ ಸರಿಹೋಗುತ್ತದೆ ಅಂತ ಲೆಕ್ಕ ಹಾಕಿ ಹೇಳುತ್ತೇನೆ.