ನೋಡಿದವರ ಜಗಳ, ನೋಡದವರ ಜಗಳ

ಕೇಳುಗರೆಲ್ಲರಿಗೂ ನಮಸ್ಕಾರ.

ಕಳೆದ ಮಳೆಗಾಲದ ಒಂದು ರಾತ್ರಿ, ಉಡುಪಿಯ ನಮ್ಮ ಮನೆಯ ಚಾವಡಿಯಲ್ಲಿ ಕುಳಿತು ಮೊಮ್ಮಗ ಯಾರೊಡನೆಯೋ ಜಗಳವಾಡುತ್ತಿದ್ದ. ಬಾಯಿ ಮುಚ್ಚಿಯೇ ಇತ್ತು. ಜಗಳವೆಲ್ಲ ಮೊಬೈಲಿನ ಮೇಲೆ ಓಡುತ್ತಿದ್ದ ಎರಡು ಹೆಬ್ಬೆರಳುಗಳದ್ದು. ಮರುದಿನ ತೆರೆಗೆ ಬರಲಿದ್ದ ಒಂದು ಸಿನಿಮಾ ಚೆನ್ನಾಗಿದೆಯೋ ಇಲ್ಲವೋ ಎಂಬುದು ವಿಷಯವಂತೆ. "ನಾಳೆ ಬರುವ ಸಿನಿಮಾಕ್ಕೆ ಇವತ್ತು ಎಂತ ಜಗಳ ಮಾರಾಯ?" ಎಂದು ಕೇಳಿದೆ. "ನಾಳೆ ಮಾಡಿದ್ರೆ ಲೇಟಾಗ್ತದೆ ಅಜ್ಜ" ಎಂದ.

ಅವನನ್ನು ಬೈಯುವ ಯೋಗ್ಯತೆ ನನಗಿರಲಿಲ್ಲ. ನಾನು ಜೋಡಾಟದ ಗದ್ದೆಯಲ್ಲಿ ಬೆಳೆದವನು. ಜೋಡಾಟವೆಂದರೇನೆಂದು ಎಳೆಯ ಕೇಳುಗರಿಗೆ ಹೇಳಬೇಕಾದೀತು: ಕೊಯ್ಲು ಮುಗಿದ ಗದ್ದೆಯಲ್ಲಿ ಒತ್ತೊತ್ತಿಗೆ ಎರಡು ರಂಗಸ್ಥಳ, ಎರಡು ಯಕ್ಷಗಾನ ಮೇಳ, ಎರಡರಲ್ಲೂ ಏಕಕಾಲಕ್ಕೆ ಒಂದೇ ಪ್ರಸಂಗ, ಅಂದರೆ ಒಂದೇ ಕಥೆ. ಇಲ್ಲಿಯ ಅರ್ಜುನ ಕುಣಿಯುವಾಗ ಅಲ್ಲಿಯ ಅರ್ಜುನನೂ ಕುಣಿಯುತ್ತಿರುತ್ತಾನೆ, ಜನ ಯಾವ ಕಡೆ ಸರಿಯುತ್ತಾರೋ ಆ ಮೇಳ ಗೆದ್ದಂತೆ. ನಮ್ಮ ಪಂಗಡದ ಹುಡುಗರು ವೇಷಧಾರಿ ಮೊಣಕಾಲೂರಿ ತಿರುಗಿ ಹಾಕಿದ ಮಂಡಿಗಳನ್ನು ಬೆರಳು ಮಡಚಿ ಎಣಿಸುತ್ತಿದ್ದೆವು. ಯಕ್ಷಗಾನದ ತೆಂಕಣ ಶೈಲಿಯಾದ ತೆಂಕುತಿಟ್ಟಿನ ಅಭಿಮಾನಿಗಳು, ನೆಗೆದು ಸುತ್ತುವ ಧೀಂಗಿಣ ಎಣಿಸುತ್ತಿದ್ದರು. ಇಂದಿನ ಹುಡುಗರು ತಮ್ಮ ನಟನ ಸಿನಿಮಾದ ಮೊದಲ ದಿನದ ಕಲೆಕ್ಷನ್ ಎಷ್ಟು ಕೋಟಿಯೆಂದು ಎಣಿಸುತ್ತಾರೆ. ಆ ಕೋಟಿಯಲ್ಲಿ ನಿನ್ನ ಪಾಲೆಷ್ಟು ಎಂದು ನಾನು ಅವರನ್ನು ಕೇಳಲಾರೆ. ಮಂಡಿ ಎಣಿಸಿದ ನಮ್ಮ ಮೊಣಕಾಲೇನೂ ನೋಯುತ್ತಿರಲಿಲ್ಲ.

ಎಂಬತ್ತರ ದಶಕದಲ್ಲಿ ಸಾಲಿಗ್ರಾಮ ಮೇಳದಲ್ಲಿ ಗುಂಡ್ಮಿ ಕಾಳಿಂಗ ನಾವಡರು ಪದ್ಯ ಹಾಡಿ ಆಟ ನಡೆಸುವ ಭಾಗವತರಾಗಿದ್ದಾಗ ನಮ್ಮ ಕಡೆಯ ಜಗಳಕ್ಕೆ ಹೊಸ ಕಾವು ಬಂದಿತ್ತು. ಅವರು ಹೊಸ ರಾಗಗಳನ್ನು ತಂದು, ಪದ್ಯವನ್ನು ವಿಸ್ತರಿಸಿ ಹಾಡಿದರೆ ಒಂದು ಪಂಗಡ ಮೈಮರೆಯುತ್ತಿತ್ತು, ಇನ್ನೊಂದು ಪಂಗಡ ಇದು ಯಕ್ಷಗಾನವೇ ಅಲ್ಲ, ಕಛೇರಿ ಎನ್ನುತ್ತಿತ್ತು. ನಾನು ಎರಡನೆಯ ಪಂಗಡದವನು. ತೆಂಗಿನಕಾಯಿ ವ್ಯಾಪಾರದ ನನ್ನ ಗೆಳೆಯ ಮೊದಲನೆಯದರವನು. ಒಂದು ಬೆಳಗಿನ ಜಾವ ಕೋಟದ ಆಟದಿಂದ ಮರಳುವಾಗ ಮಾತು ಎಷ್ಟು ಬೆಳೆಯಿತೆಂದರೆ, ಅರ್ಧ ದಾರಿಯಿಂದ ಅವನು ರಸ್ತೆಯ ಆ ಬದಿ, ನಾನು ಈ ಬದಿ ನಡೆದೆವು. ಆದರೆ ಎರಡು ತಾಸಿನ ಬಳಿಕ ಇಬ್ಬರೂ ಅದೇ ಬಸ್ಸು ಹತ್ತಲೇಬೇಕಿತ್ತು, ಮತ್ತು ನನ್ನ ಬಳಿ ಚಿಲ್ಲರೆ ಇರಲಿಲ್ಲ. ನನ್ನ ಟಿಕೆಟನ್ನೂ ಅವನೇ ತೆಗೆದ, ಮುಖ ಮಾತ್ರ ಕಿಟಕಿಯ ಕಡೆಗಿತ್ತು. 1990ರಲ್ಲಿ ನಾವಡರು ಮೂವತ್ತೆರಡರ ಆಸುಪಾಸಿನ ಪ್ರಾಯದಲ್ಲೇ ಅಪಘಾತದಲ್ಲಿ ತೀರಿಕೊಂಡ ಸುದ್ದಿಯನ್ನು ನನಗೆ ತಂದವನೂ ಅವನೇ. ಅಂದು ನನಗೊಂದು ಸಂಗತಿ ತಿಳಿಯಿತು: ವಿರೋಧಿಸಲೆಂದು ಕೇಳುತ್ತ ಕೇಳುತ್ತ ಅವರ ಪದ್ಯಗಳೆಲ್ಲ ನನಗೆ ಬಾಯಿಪಾಠವಾಗಿದ್ದವು.

ವಿರೋಧಿಯೂ ಇಡೀ ರಾತ್ರಿ ಕುಳಿತಿದ್ದ ಎಂಬುದೇ ಆ ಜಗಳದ ಮರ್ಯಾದೆಯಾಗಿತ್ತು. ಅಂತರ್ಜಾಲದ ಜಗಳದಲ್ಲಿ ಕುಳಿತುಕೊಳ್ಳುವ ಆ ಕಷ್ಟ ಬಿಟ್ಟುಹೋಗಿ, ತೀರ್ಪು ಮಾತ್ರ ಉಳಿದಿದೆ. 2020ರ ಜೂನ್‌ನಲ್ಲಿ ದಿ ಲಾಸ್ಟ್ ಆಫ್ ಅಸ್ ಪಾರ್ಟ್ 2 ಎಂಬ ವಿಡಿಯೋ ಗೇಮ್ ಬಿಡುಗಡೆಯಾಯಿತು. ಆಡಿ ಮುಗಿಸಲು ಇಪ್ಪತ್ತಕ್ಕಿಂತ ಹೆಚ್ಚು ಗಂಟೆ ಬೇಕಾಗುವ ಆ ಆಟಕ್ಕೆ, ಬಿಡುಗಡೆಯಾದ ಕೆಲವೇ ಗಂಟೆಗಳಲ್ಲಿ ಮೆಟಾಕ್ರಿಟಿಕ್ ಎಂಬ ತಾಣದಲ್ಲಿ ಸಾವಿರಾರು ಮಂದಿ ಸೊನ್ನೆ ಅಂಕ ಕೊಟ್ಟರು. ಅದನ್ನು ಕಂಡು ಬೇರೆಯವರು, ಅವರಲ್ಲೂ ಹಲವರು ಆಡಿ ಮುಗಿಸದವರೇ, ಹತ್ತಕ್ಕೆ ಹತ್ತು ಕೊಟ್ಟರು. ಮರುತಿಂಗಳು ಆ ತಾಣ, ಆಟ ಬಿಡುಗಡೆಯಾಗಿ 36 ಗಂಟೆ ಕಳೆಯುವವರೆಗೆ ಬಳಕೆದಾರರ ವಿಮರ್ಶೆಯನ್ನು ಸ್ವೀಕರಿಸುವುದಿಲ್ಲವೆಂದು ನಿಯಮ ಮಾಡಿತು. ಅದಕ್ಕೂ ಮುನ್ನ 2019ರಲ್ಲಿ ರಾಟನ್ ಟೊಮೇಟೋಸ್ ಎಂಬ ಸಿನಿಮಾ ತಾಣ ಬಿಡುಗಡೆಗೆ ಮೊದಲೇ ಪ್ರೇಕ್ಷಕರು ಅಭಿಪ್ರಾಯ ಬರೆಯುವುದನ್ನು ನಿಲ್ಲಿಸಿ, ಟಿಕೆಟ್ ಖರೀದಿಸಿದ್ದು ಖಚಿತವಾದವರ ಅಂಕವನ್ನು ಬೇರೆಯಾಗಿ ತೋರಿಸತೊಡಗಿತು. ನಮ್ಮ ಯಕ್ಷಗಾನದ ಟೆಂಟಿನ ಬಾಗಿಲಲ್ಲಿ ಟಿಕೆಟ್ ಹರಿಯುತ್ತಿದ್ದವನ ಕೆಲಸವನ್ನು ಇಷ್ಟು ದೊಡ್ಡ ಕಂಪೆನಿಗಳು ಇಷ್ಟು ತಡವಾಗಿ ಕಲಿತವಲ್ಲ ಎಂದು ನನಗೆ ಸಣ್ಣ ಸಂತೋಷವೇ ಆಯಿತು.

2022ರ ಸೆಪ್ಟೆಂಬರ್ 30ರಂದು 'ಕಾಂತಾರ' ತೆರೆಕಂಡ ಮೇಲೆ ಈ ಜಗಳ ನಮ್ಮ ಅಂಗಳಕ್ಕೇ ಬಂತು. ದೈವವನ್ನು ತೆರೆಯ ಮೇಲೆ ತರಬಹುದೇ ಎಂಬುದು ತುಳುನಾಡಿನಲ್ಲಿ ನಿಜವಾದ ಪ್ರಶ್ನೆ. ದೈವದ ಆರಾಧನೆಯಾದ ಕೋಲ ಕಟ್ಟುವವರು, ಊರ ಹಿರಿಮನೆಯಾದ ಗುತ್ತಿನ ಮನೆಯವರು, ಊರ ಹಿರಿಯರು ತಮ್ಮ ತಮ್ಮೊಳಗೇ ಒಪ್ಪದೆ ವಾದಿಸಿದರು, ಇನ್ನೂ ವಾದಿಸುತ್ತಿದ್ದಾರೆ. ಆದರೆ ಒಂದು ಕೋಲಕ್ಕೂ ಬಂದು ನಿಲ್ಲದವರು ಮೊಬೈಲಿನಲ್ಲಿ ಎರಡು ಪಕ್ಷವಾಗಿ, ದೈವ ಏನನ್ನು ಮೆಚ್ಚುತ್ತದೆಂದು ನಮಗೇ ವಿವರಿಸಿದಾಗ ಏನು ಹೇಳಬೇಕೆಂದು ತಿಳಿಯಲಿಲ್ಲ.

ಇನ್ನೊಂದು ಕೊರತೆ ಇದಕ್ಕಿಂತ ದೊಡ್ಡದು. ವೇಷ, ಕುಣಿತವಿಲ್ಲದೆ ಕುಳಿತು ಮಾತಿನಲ್ಲೇ ಪ್ರಸಂಗ ನಡೆಸುವ ತಾಳಮದ್ದಳೆಯಲ್ಲಿ ವಾಲಿ, ಮರೆಯಲ್ಲಿ ನಿಂತು ಬಾಣ ಬಿಟ್ಟದ್ದು ಯಾವ ಧರ್ಮ ಎಂದು ರಾಮನನ್ನು ಕೇಳುತ್ತಾನೆ. ಪಾತ್ರವಾಗಿ ಮಾತಾಡುವ ಅರ್ಥಧಾರಿಗಳಲ್ಲಿ ಶೇಣಿ ಗೋಪಾಲಕೃಷ್ಣ ಭಟ್ಟರಂಥವರು ವಾಲಿಯಾದರೆ, ರಾಮ ಉತ್ತರಕ್ಕೆ ತಡಕಾಡಬೇಕಾದೀತೆಂದು ಸಭೆ ಕಾತರದಿಂದ ಕಾಯುತ್ತಿತ್ತು. ವಾಲಿ ಸಾಯುತ್ತಾನೆಂಬುದು ಎಲ್ಲರಿಗೂ ಗೊತ್ತು. ಅವನು ಹೇಗೆ ವಾದಿಸಿ ಸಾಯುತ್ತಾನೆ ಎಂಬುದಷ್ಟೇ ಕುತೂಹಲ. ಇಂದು ವಾಲಿಯಾದವರು ನಾಳೆ ಇನ್ನೊಂದು ಊರಲ್ಲಿ ರಾಮನಾಗಿ, ನಿನ್ನೆಯ ತಮ್ಮದೇ ಪ್ರಶ್ನೆಗಳಿಗೆ ಉತ್ತರ ಹುಡುಕಬೇಕಾಗುತ್ತಿತ್ತು. ಮಾತು ಮಿತಿಮೀರಿದರೆ ಭಾಗವತರು ಮುಂದಿನ ಪದ್ಯ ಎತ್ತುತ್ತಿದ್ದರು, ಅಲ್ಲಿಗೆ ಎಂಥ ಅರ್ಥಧಾರಿಯೂ ಸುಮ್ಮನಾಗಲೇಬೇಕು. ಮೊಬೈಲಿನ ಜಗಳಕ್ಕೆ ಭಾಗವತರಿಲ್ಲ. ಹೆಚ್ಚು ಉತ್ತರ ಬಂದ ಮಾತನ್ನೇ ಹೆಚ್ಚು ಜನರಿಗೆ ತೋರಿಸುವಂತೆ ಆ ಯಂತ್ರವನ್ನು ರಚಿಸಿದ್ದಾರೆ, ಸಿಟ್ಟಿನ ಮಾತಿಗೆ ಬರುವಷ್ಟು ಉತ್ತರ ಸಮಾಧಾನದ ಮಾತಿಗೆ ಬರುವುದಿಲ್ಲ. ಮಂಗಳ ಹಾಡಿದರೆ ನಷ್ಟವಾಗುವ ಮೇಳವದು.

ಆದರೂ ಈ ಹುಡುಗರಲ್ಲಿ ನನಗೆ ಅಸೂಯೆ ಹುಟ್ಟಿಸುವ ಒಂದು ಗುಣವಿದೆ. ನಾವು ನೆನಪಿನ ಬಲದಿಂದ ವಾದಿಸುತ್ತಿದ್ದೆವು. ಸುಳ್ಳು ಹೇಳಿದರೂ ನಡೆಯುತ್ತಿತ್ತು, ನಾನು ಕೆಲವು ಸಲ ಹೇಳಿದ್ದೂ ಉಂಟು. ಇವರು ಹಾಗೆ ಬಿಡುವುದಿಲ್ಲ. ಮೇಳಗಳ ತಿರುಗಾಟ ಮುಗಿಯುವ ಕಳೆದ ಪತ್ತನಾಜೆಗೆ ಮುಂಚೆ ಮೊಮ್ಮಗನನ್ನು ಇಡೀ ರಾತ್ರಿಯ ಯಕ್ಷಗಾನದ ಆಟವೊಂದಕ್ಕೆ ಕರೆದೊಯ್ದೆ. ನಡುರಾತ್ರಿ ಕುರ್ಚಿಯಲ್ಲೇ ತೂಕಡಿಸಿದ, ಚೆಂಡೆಯ ಪೆಟ್ಟಿಗೆ ಎಚ್ಚೆತ್ತ, ಕೊನೆಯವರೆಗೂ ಎದ್ದುಹೋಗಲಿಲ್ಲ. ಬೆಳಿಗ್ಗೆ ಹೋಟೆಲಿನಲ್ಲಿ ಬನ್ಸ್ ತಿನ್ನುತ್ತ, ಈ ಭಾಗವತರು ಕೊನೆಯ ಪದ್ಯವನ್ನು ಓಡಿಸಿಬಿಟ್ಟರು ಎಂದ. ಇಲ್ಲ, ಮೊದಲಿನಿಂದಲೂ ಅದು ಅದೇ ವೇಗದ ಪದ್ಯ, ನಲವತ್ತು ವರ್ಷದಿಂದ ಕೇಳುತ್ತಿದ್ದೇನೆ ಎಂದು ನಾನು ಗದರಿದೆ. ಸಂಜೆಯೊಳಗೆ ಅವನು ಎಲ್ಲಿಂದಲೋ ಅದೇ ಪದ್ಯದ ಹಳೆಯ ಧ್ವನಿಮುದ್ರಣವೊಂದನ್ನು ಹುಡುಕಿ, ಯಾವ ನಿಮಿಷದಿಂದ ಕೇಳಬೇಕೆಂದೂ ಗುರುತು ಹಾಕಿ ನನಗೆ ಕಳುಹಿಸಿದ್ದಾನೆ. ನಾನಿನ್ನೂ ಅದನ್ನು ತೆರೆದಿಲ್ಲ.

ನಮಸ್ಕಾರ.